ಪಡಸಾಲೆಗೆ ಬಂದ ಪ್ರವಾಸಿ

ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಂಥ ಊರಲ್ಲಿ ಬೀಗರಿಗೆ ರೊಟ್ಟಿ ಬಡಿಸಿ ಹಾಸಿಗೆ ಹಾಸಲು ಯಾರ ಪರವಾನಗಿಯೂ ಬೇಡ. ಅದೇ ಪಡಸಾಲೆಯಲ್ಲಿ ಕಪ್ಪತಗುಡ್ಡ ನೋಡಲು ಬಂದವರನ್ನು ಉಳಿಸಿಕೊಂಡು ಬಾಡಿಗೆ ಪಡೆದರೆ ಅದು ಹೋಂಸ್ಟೇ. ಆಗ ಕಾಗದಪತ್ರ ಬೇಕು.

ಮೊದಲು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ. ಕೇಂದ್ರದ ‘ಇನ್‌ಕ್ರೆಡಿಬಲ್ ಇಂಡಿಯಾ’ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಾದರೆ ಕೊಠಡಿ 6, ಹಾಸಿಗೆ 12 ಮೀರುವಂತಿಲ್ಲ. ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು. ಈ ಷರತ್ತೇ ಜೀವಾಳ. ಮನೆಯವರಿಲ್ಲದ ಮನೆ, ಹೆಸರೇನೇ ಇರಲಿ, ಲಾಡ್ಜೇ ಸೈ.

ಬಾಗಿಲ ಬಳಿ ಒಂದು ರಿಜಿಸ್ಟರ್: ಹೆಸರು, ವಿಳಾಸ, ಗುರುತಿನ ಚೀಟಿ ಸಂಖ್ಯೆ. ಅತಿಥಿ ವಿದೇಶಿಯಾದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದೆ. ಅದರ ಅಂಚಿನ ಹೊಲದಲ್ಲಿ ಕೊಠಡಿ ಕಟ್ಟುವವರು ಬುನಾದಿ ತೋಡುವ ಮೊದಲೇ ಗ್ರಾಮ ಪಂಚಾಯಿತಿ, ಅರಣ್ಯ ಇಲಾಖೆ ಎರಡರಲ್ಲೂ ವಿಚಾರಿಸಿಕೊಳ್ಳಲಿ.