ಪರರ ಹೊಲದಲ್ಲಿ ಬೇಟೆ

ಬೇಟೆಗಾರನ ಧೈರ್ಯ, ಗುರಿ, ಸಾಹಸಗಳನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಕಥೆಗಳಿವೆ. ಆದರೆ ಬೇಟೆ ನಡೆದ ನೆಲ ಯಾರದು, ಅಲ್ಲಿ ಕಾಲಿಡಲು ಅಪ್ಪಣೆ ಕೊಟ್ಟವರು ಯಾರು, ಆ ಅಪ್ಪಣೆಯನ್ನು ಗೆಳೆಯರು ತಮ್ಮತಮ್ಮಲ್ಲಿ ಹೇಗೆ ಹಂಚಿಕೊಂಡರು ಎಂಬ ಮಾತು ಆ ಕಥೆಗಳಲ್ಲಿ ಬರುವುದು ಅಪರೂಪ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ವಿನೋದದ ಬೇಟೆಯನ್ನು ಪೂರ್ತಿಯಾಗಿ ನಿಲ್ಲಿಸಿತು. ನಿಂತದ್ದು ಒಳ್ಳೆಯದೇ ಆಯಿತು. ಆದರೆ ಪರರ ನೆಲದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆ ಬೇಟೆಯೊಡನೆ ಮುಗಿದುಹೋಗಲಿಲ್ಲವಾದ್ದರಿಂದ ಈ ಹಳೆಯ ಸಂಗತಿಯನ್ನು ಹೇಳುತ್ತಿದ್ದೇನೆ.

1960ರ ದಶಕದಲ್ಲಿ ನಾನು ಕೋಲಾರ ಚಿನ್ನದ ಗಣಿ ಪ್ರದೇಶದ ಕೋರಮಂಡಲ್‌ನಲ್ಲಿ ವಾಸವಾಗಿದ್ದೆ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹೋಗುವ ಹತ್ತು ಮೈಲಿಯ ರೈಲುಹಾದಿಯಲ್ಲಿ ಅದೊಂದು ಚಿಕ್ಕ ನಿಲ್ದಾಣ. ಒಂದು ಕಡೆ ಬೂದುಬಣ್ಣದ ಸೈನೈಡ್ ದಿಬ್ಬಗಳು, ಶಾಫ್ಟುಗಳ ಮೇಲೆ ತಿರುಗುವ ಗಾಲಿಗಳು. ಮತ್ತೊಂದು ಕಡೆ ರಾಗಿ, ಹುರುಳಿ, ಅವರೆಯ ಹೊಲಗಳು, ಅವುಗಳ ನಡುವೆ ಬಂಡೆಗುಂಡುಗಳ ಗುಡ್ಡಗಳು, ಜಾಲಿ, ಬಂದರಿಕೆಯ ಪೊದೆಗಳು. ಆ ಪೊದೆಗಳಲ್ಲಿ ಮೊಲವೂ ಗೌಜಲಹಕ್ಕಿಯೂ ಧಾರಾಳವಾಗಿದ್ದುವು. ಗಣಿಯ ಊರಿನಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು, ಆಂಗ್ಲೋ-ಇಂಡಿಯನ್ನರ ಇಂಗ್ಲಿಷು ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಸುತ್ತಿದ್ದುವು. ನಮ್ಮ ಗುಂಪೂ ಹಾಗೆಯೇ ಇತ್ತು. ಐದು ಜನ ಗೆಳೆಯರು, ಲೈಸೆನ್ಸಿನ ಎರಡು ಕೋವಿ, ವಾರಕ್ಕೊಂದು ಭಾನುವಾರ.

ನಾವು ಹೋಗುತ್ತಿದ್ದುದು ಒಬ್ಬ ವೃದ್ಧ ರೈತರ ಹೊಲಕ್ಕೆ. ಅವರನ್ನು ನಾವೆಲ್ಲ 'ಯಜಮಾನರೇ' ಎಂದು ಕರೆಯುತ್ತಿದ್ದೆವು. ನಿಜವಾಗಿ ಅವರು ಆ ನೆಲದ ಯಜಮಾನರಲ್ಲ, ಗೇಣಿದಾರರು, ಒಡೆಯರು ಪೇಟೆಯಲ್ಲಿದ್ದರು.

ನಮ್ಮೊಳಗೆ ಯಾರೂ ಬರೆದಿಡದ ಕೆಲವು ಕಟ್ಟಳೆಗಳಿದ್ದುವು. ಪೈರು ನಿಂತಿರುವಾಗ ಹೋಗತಕ್ಕದ್ದಲ್ಲ. ರಾಗಿ ಕೊಯ್ಲಾಗಿ ತೆನೆ ಕಣ ಸೇರಿದ ಮೇಲೆಯೇ ನಮ್ಮ ಕಾಲ. ಹೊಲದ ನಡುವೆ ನಡೆಯದೆ ಬದುವಿನ ಮೇಲೆಯೇ ನಡೆಯಬೇಕು. ಬದು ದಾಟುವಾಗ ಕೋವಿಯಿಂದ ತೋಟಾ ತೆಗೆದಿರಬೇಕು. ಬಾವಿಯ ಕಡೆಗೂ ದನ ಮೇಯುವ ಕಡೆಗೂ ನಳಿಗೆ ತಿರುಗಿಸಕೂಡದು. ಬೇಲಿಯ ಮುಳ್ಳು ಸರಿಸಿದವನೇ ಅದನ್ನು ಮತ್ತೆ ಮುಚ್ಚಬೇಕು. ಸಿಕ್ಕಿದ್ದರಲ್ಲಿ ಮೊದಲ ಪಾಲು ಯಜಮಾನರ ಮನೆಗೆ. ಉಳಿದದ್ದು, ಹೊಡೆದವನು ಯಾರೇ ಆಗಿರಲಿ, ಐವರಿಗೂ ಸಮ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಕಟ್ಟಳೆ: ಅಪ್ಪಣೆ ಸಿಕ್ಕಿರುವುದು ಐವರಿಗೆ, ಆರನೆಯವನನ್ನು ಯಾರೂ ಕರೆತರುವಂತಿಲ್ಲ.

ಈ ಕೊನೆಯ ಕಟ್ಟಳೆ ಏಕೆ ಬೇಕಾಯಿತೆಂಬುದನ್ನು ಕೊಂಚ ವಿಚಾರ ಮಾಡಬೇಕು. ಕಾಡುಪ್ರಾಣಿಗೆ ಒಡೆಯನಿಲ್ಲ, ನೆಲಕ್ಕೆ ಒಡೆಯನಿದ್ದಾನೆ. ಬೇಟೆಯ ತೊಡಕೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೇರೊಂದು ಚರ್ಚೆಯ ನಡುವೆ ಇದು ದೃಷ್ಟಾಂತವಾಗಿ ಬರುತ್ತದೆ: ಹೊಲವು ಮರದ ಬುಡ ಕಿತ್ತು ಹಸನುಮಾಡಿದವನದು, ಮೃಗವು ಬಾಣ ನೆಟ್ಟವನದು ಎಂಬುದು ಅಲ್ಲಿನ ಅಭಿಪ್ರಾಯ. ಹಾಗಾದರೆ ಒಬ್ಬನ ಹೊಲದಲ್ಲಿ ಮತ್ತೊಬ್ಬನ ಬಾಣ ತಗುಲಿದ ಮೃಗ ಯಾರದು? ಆ ದೃಷ್ಟಾಂತ ಅಷ್ಟು ದೂರ ಹೋಗುವುದಿಲ್ಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1865ರಲ್ಲಿ ಇಂಥದೇ ಒಂದು ವ್ಯಾಜ್ಯದಲ್ಲಿ, ಅತಿಕ್ರಮವಾಗಿ ನುಗ್ಗಿದವರು ಕೊಂದ ಮೊಲಗಳು ನೆಲದ ಒಡೆಯನಿಗೇ ಸೇರತಕ್ಕವೆಂದು ತೀರ್ಮಾನಿಸಿತು. ಕಾನೂನು ಹೀಗೆ ಒಡೆತನವನ್ನು ನಿರ್ಧರಿಸಬಲ್ಲದು. ಆದರೆ ಸ್ನೇಹದಿಂದ ಕೊಟ್ಟ ಅಪ್ಪಣೆಯ ಮೇರೆ ಎಲ್ಲಿಯವರೆಗೆ ಎಂಬುದನ್ನು ಯಾವ ಕಾನೂನೂ ಹೇಳಿಕೊಡದು. ಅದನ್ನು ತಿಳಿಯಬೇಕಾದವನು ಅಪ್ಪಣೆ ಪಡೆದವನೇ.

ಒಂದು ಭಾನುವಾರ ನಮ್ಮಲ್ಲೊಬ್ಬ ಕೇಳದೆ ಹೇಳದೆ ಇಬ್ಬರು ಹೊಸಬರನ್ನು ಜೊತೆಗೆ ತಂದ. ಇಬ್ಬರೂ ದೊಡ್ಡ ಹುದ್ದೆಯವರು, ಅವರದೇ ಕೋವಿಗಳು. ಬೇಡವೆನ್ನಲು ನಮಗೆ ಸಂಕೋಚ. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಆಚೆ ಎರಡು ಈಡು ಕೇಳಿಸಿದುವು. ಸ್ವಲ್ಪ ಹೊತ್ತಿನಲ್ಲಿ ಹೊಸಬರು ಏನೂ ಸಿಗಲಿಲ್ಲವೆಂದು ನಗುತ್ತ ಹಿಂತಿರುಗಿದರು. ಯಜಮಾನರು ಎಂದಿನಂತೆ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಅವರು ಏನನ್ನೂ ಹೇಳಲಿಲ್ಲ, ನಾವೂ ಏನನ್ನೂ ಕೇಳಲಿಲ್ಲ.

ಮೂರು ವಾರಗಳ ಅನಂತರ ಬಂಗಾರಪೇಟೆಯ ಸಂತೆಯಲ್ಲಿ ಅವರ ಮಗ ಸಿಕ್ಕಿದ. ಪೊದೆಯ ಹಿಂದೆ ಮೇಯುತ್ತಿದ್ದ ಎತ್ತಿಗೆ ಚರೆ ತಗುಲಿತ್ತಂತೆ. ಹಿಂಗಾಲಿನ ಗಾಯ ಕೀವಾಗಿ, ಉಳುಮೆಗೆ ಬಾರದಂತಾಗಿ, ಬಂದಷ್ಟು ಹಣಕ್ಕೆ ಅದನ್ನು ಮಾರಬೇಕಾಯಿತಂತೆ. ಆ ಸಂಜೆಯೇ ನಾನು ಹೊಲಕ್ಕೆ ಹೋದೆ. ಐವರೂ ಸೇರಿ ಎತ್ತಿನ ಬೆಲೆ ಕೊಡುತ್ತೇವೆಂದೆ. ಬಳಿಕ, ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲೋ ಏನೋ, "ಯಜಮಾನರೇ, ಹೊಸಬರನ್ನು ಕಂಡಾಗಲೇ ಬೇಡ ಅನ್ನಬಾರದಾಗಿತ್ತೆ?" ಎಂದೆ.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. "ಬೇಡ ಅನ್ನೋ ಹಾಗಿದ್ರೆ ನಿಮ್ಮನ್ನೇ ಮೊದಲನೇ ದಿನ ಬೇಡ ಅಂತಿದ್ದೆ ಸ್ವಾಮಿ" ಎಂದರು. ಮಾತಿನಲ್ಲಿ ಕೋಪವಿರಲಿಲ್ಲ.

ನಮ್ಮ ಕಟ್ಟಳೆಗಳೆಲ್ಲ ಆ ಕ್ಷಣದಲ್ಲಿ ಹಗುರವಾದುವು. ಬದು ತುಳಿಯಲಿಲ್ಲ, ಬೇಲಿ ಮುಚ್ಚಿದೆವು, ಮೊದಲ ಪಾಲು ಕೊಟ್ಟೆವು ಎಂದು ನಾವು ಹೆಮ್ಮೆಪಟ್ಟಿದ್ದೆವು. ಆದರೆ ಒಡೆಯರ ಮಾತಿಗೆ ಅಂಜಿ ಬಾಳುವ ಗೇಣಿದಾರನೊಬ್ಬ, ಗಣಿಯ ಷರಾಯಿ-ಷರಟಿನವರು ಕೋವಿ ಹೊತ್ತು ಬಂದು ನಿಂತಾಗ, 'ಆಗಲಿ' ಎಂದಲ್ಲದೆ ಬೇರೆ ಏನನ್ನು ಹೇಳಬಲ್ಲ? ಅವನ ಮೌನವನ್ನು ನಾವು ಸಮ್ಮತಿಯೆಂದೂ ಮಜ್ಜಿಗೆಯನ್ನು ಸ್ನೇಹವೆಂದೂ ಎಣಿಸಿದ್ದೆವು. ಅಪ್ಪಣೆ ಕೇಳುವವನ ಮೊದಲ ಸೌಜನ್ಯವೆಂದರೆ ಇಲ್ಲವೆನ್ನಲು ಎದುರಿನವನಿಗೆ ಎಡೆ ಬಿಡುವುದು. ಮಿಕ್ಕ ಕಟ್ಟಳೆಗಳೆಲ್ಲ ಅದರ ಅನಂತರದವು. ಗೆಳೆಯರ ನಡುವೆಯೂ ಇದೇ ಮಾತು. ಹೊಸಬರನ್ನು ಕರೆತಂದವನು ನಮ್ಮ ಸಂಕೋಚವನ್ನು ನಂಬಿಯೇ ಕರೆತಂದಿದ್ದ.

ಎತ್ತಿನ ಹಣವನ್ನು ಕೊಟ್ಟೆವು. ಹೊಸಬರನ್ನು ತಂದ ಗೆಳೆಯ ಮಾತ್ರ ತನ್ನ ಪಾಲನ್ನು ಕೊಡಲಿಲ್ಲ; ಗುಂಪು ಅಲ್ಲಿಗೆ ಮುರಿಯಿತು. ನಾನು ಮತ್ತೆ ಕೋವಿ ಹಿಡಿಯಲಿಲ್ಲ.

1974ರ ಭೂಸುಧಾರಣೆಯ ಕಾಯಿದೆ ಬಂದಾಗ ಯಜಮಾನರು ಏಳನೆಯ ನಮೂನೆ ತುಂಬಿ ಅರ್ಜಿ ಹಾಕಿದರು. ಕೆಲವು ವರ್ಷಗಳಲ್ಲಿ ಭೂನ್ಯಾಯಮಂಡಳಿಯಿಂದ ಆ ನೆಲ ಅವರದಾಯಿತು. ಸುದ್ದಿ ಕೇಳಿ ನಾನು ನೋಡಲು ಹೋದೆ. ಬೇಲಿಯ ಹೊರಗೇ ನಿಂತು, "ಒಳಗೆ ಬರಬಹುದೇ ಯಜಮಾನರೇ?" ಎಂದು ಕೂಗಿದೆ. ಅವರು ಕಣದ ಕೆಲಸ ನಿಲ್ಲಿಸಿ ನನ್ನ ಎರಡೂ ಕೈಗಳನ್ನು ದಿಟ್ಟಿಸಿದರು, ಖಾಲಿಯಾಗಿದ್ದುವು. "ಸ್ವಲ್ಪ ನಿಲ್ಲಿ ಸ್ವಾಮಿ, ಕೈಗೆ ಕೆಲಸ ಐತೆ" ಎಂದರು.

ನಾನು ನಿಂತೆ. ರಾಗಿ ತೂರುವ ಕೆಲಸ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಅವರೇ ಬಂದು ಮುಳ್ಳು ಸರಿಸಿದರು.