ತೊಟ್ಟಿಯ ಕೆಳಗೊಂದು ತೊಟ್ಟಿ

ಉಪ್ಪುನೀರಿನ ಅಕ್ವೇರಿಯಂ ಕೆಳಗೆ ಇನ್ನೊಂದು ಗಾಜಿನ ತೊಟ್ಟಿ. ಅದೇ ಸಂಪ್. ಒಳಗೆ ಗಾಜಿನ ಅಡ್ಡಗೋಡೆಗಳನ್ನ ಸಿಲಿಕೋನ್‌ನಿಂದ ಅಂಟಿಸಿ, ಮೂರು ಭಾಗ ಮಾಡಿ. ಬೂಷ್ಟು ತಡೆಯೋ ಔಷಧಿ ಬೆರೆಸಿದ ಬಾತ್‌ರೂಮ್ ಸಿಲಿಕೋನ್ ಮಾತ್ರ ಬೇಡ, ಅದು ವಿಷ.

ಮೇಲಿಂದ ಇಳಿಯೋ ನೀರು ಮೊದಲು ಕೊಳೆಯನ್ನ ನೊರೆಯಾಗಿ ತೆಗೆಯೋ ಸ್ಕಿಮ್ಮರ್‌ಗೆ. ಕೊನೇ ಭಾಗದಲ್ಲಿ ಪಂಪ್. ನಡುವಿನದು ರೆಫ್ಯೂಜಿಯಂ, ನನ್ನ ಪ್ರಕಾರ ಇಡೀ ಸಂಪಿನ ಮಜಾ ಇರೋದೇ ಇಲ್ಲಿ. ಕೀಟೊಮಾರ್ಫಾ ಪಾಚಿ ಬಿಡಿ. ನೈಟ್ರೇಟ್, ಫಾಸ್ಫೇಟ್ ಹೀರಿಕೊಂಡೇ ಬೆಳೆಯುತ್ತೆ. ಆಗಾಗ ಒಂದು ಹಿಡಿ ಕಿತ್ತು ಎಸೆದರೆ ಅವೂ ನೀರಿಂದಾಚೆ. ಮೀನಿನ ಬಾಯಿಗೆ ಸಿಗದೆ ಕೋಪೆಪಾಡ್ ಅನ್ನೋ ಪುಟ್ಟ ಜೀವಿಗಳೂ ಇಲ್ಲೇ ಹೆಚ್ಚುತ್ತವೆ. ಈ ಭಾಗದ ದೀಪ ರಾತ್ರಿ ಹಾಕಿ, ಪಿಎಚ್ ಅಷ್ಟು ಕುಸಿಯಲ್ಲ.

ಕರೆಂಟ್ ಹೋದ್ರೆ? ಪಂಪ್ ನಿಂತು ಮೇಲಿನ ನೀರು ಒಂದಷ್ಟು ಕೆಳಗಿಳಿಯುತ್ತೆ. ಅದಕ್ಕೆ ಸಂಪಲ್ಲಿ ಜಾಗ ಖಾಲಿ ಇರಲಿ. ಮೀನು ಬಿಡೋ ಮುಂಚೆಯೇ ಪ್ಲಗ್ ಕಿತ್ತು ನೋಡಿ.