ತೂಕದ ಕೊಕ್ಕೆಗೆ ಏರಿದ ಮೇಲೂ ಕೈತಪ್ಪಿದ ಮೀನು

ಕಡಲ ತೀರದವರಾದ ನಮಗೆ ಗಾಳ ಹೊಸದಲ್ಲ. ಸಿಕ್ಕಿದ ಮೀನಿಗಿಂತ ತಪ್ಪಿಹೋದ ಮೀನೇ ದೊಡ್ಡದು ಎಂಬ ತಮಾಷೆಯೂ ಹೊಸದಲ್ಲ. ಆದರೆ ದಡಕ್ಕೆ ತಂದು, ತೂಗಿ, ಜನರೆಲ್ಲ ಕಣ್ಣಾರೆ ನೋಡಿದ ಮೀನೂ ಕೈತಪ್ಪುವುದುಂಟೇ?

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಮೋರ್‌ಹೆಡ್ ಸಿಟಿಯಲ್ಲಿ ಪ್ರತಿವರ್ಷ ‘ಬಿಗ್ ರಾಕ್’ ಎಂಬ ಮಾರ್ಲಿನ್ ಮೀನುಗಾರಿಕೆಯ ಸ್ಪರ್ಧೆ ನಡೆಯುತ್ತದೆ. ಮಾರ್ಲಿನ್ ಎಂದರೆ ಈಟಿಯಂತೆ ಚಾಚಿದ ಮೂತಿಯ ಆಳಸಮುದ್ರದ ದೈತ್ಯ ಮೀನು. 2023ರ ಜೂನ್ 17, ಸ್ಪರ್ಧೆಯ ಕೊನೆಯ ದಿನ. ‘ಸೆನ್ಸೇಷನ್’ ಎಂಬ ದೋಣಿಯವರು ಆರು ಗಂಟೆಗೂ ಹೆಚ್ಚು ಕಾಲ ಸೆಣಸಿ ತಂದ ಮಾರ್ಲಿನ್ 619.4 ಪೌಂಡ್, ಅಂದರೆ ಸುಮಾರು 281 ಕಿಲೋ ತೂಗಿತು. ಬಹುಮಾನದ ಮೊತ್ತ ಸುಮಾರು 35 ಲಕ್ಷ ಡಾಲರ್!

ಆರು ಗಂಟೆ ಏಕೆ ಬೇಕು ಎಂದು ಕೇಳಬಹುದು. ಇಂಥ ಮೀನನ್ನು ಬಲದಿಂದ ಎಳೆದರೆ ನೂಲು ತುಂಡಾಗುತ್ತದೆ. ಆದ್ದರಿಂದ ರೀಲಿನಲ್ಲಿ ಒಂದು ಬ್ರೇಕು ಇರುತ್ತದೆ. ನೂಲು ತಾಳುವ ಭಾರದ ಕಾಲು ಭಾಗದಿಂದ ಮೂರರಲ್ಲೊಂದು ಭಾಗದಷ್ಟು ಎಳೆತ ಬಿದ್ದಾಗ ಅದು ಜಾರಿ, ನೂಲನ್ನು ಬಿಟ್ಟುಕೊಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಮೀನು ಓಡಿದಂತೆ ರೀಲಿನ ಸುತ್ತು ಸಣ್ಣದಾಗುತ್ತದೆ. ಸುತ್ತಿನ ಅಗಲ ಅರ್ಧಕ್ಕೆ ಇಳಿದರೆ, ಬ್ರೇಕನ್ನು ಯಾರೂ ಮುಟ್ಟದಿದ್ದರೂ ನೂಲಿನ ಮೇಲಿನ ಬಿಗಿತ ಇಮ್ಮಡಿಯಾಗುತ್ತದೆ. ನೀರಿನಲ್ಲಿ ಹರಡಿದ ಉದ್ದ ನೂಲಿನ ಎಳೆತ ಬೇರೆ. ದೂರ ಓಡಿದ ಮೀನು ನೂಲು ಹರಿದುಕೊಂಡು ಹೋಗುವುದು ಹೀಗೆ. ಅನುಭವಿಗಳು ಆಗ ಬ್ರೇಕನ್ನು ಸಡಿಲಿಸುತ್ತಾರೆ, ಹೊಸಬರು ಗಾಬರಿಯಿಂದ ಬಿಗಿ ಮಾಡುತ್ತಾರೆ.

ಮೀನು ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವಿದಾಗ ನೂಲು ಸಡಿಲವಾಗಿ ಗಾಳ ಕಳಚುವುದೂ ಉಂಟು. ದೋಣಿಯ ಬದಿಗೆ ಬಂದ ಮೇಲಂತೂ ಅಪಾಯ ಹೆಚ್ಚು. ಒಬ್ಬರು ನೂಲಿನ ತುದಿಯ ದಪ್ಪ ಎಳೆಯನ್ನು ಕೈಯಲ್ಲಿ ಹಿಡಿದು ಮೀನನ್ನು ಹತ್ತಿರ ತರಬೇಕು. ಆಗ ಬ್ರೇಕು ಇಲ್ಲ, ಬಾಗುವ ಕೋಲೂ ಇಲ್ಲ. ಮೀನಿನ ಒಂದೇ ಜಗ್ಗಿಗೆ ಗಾಳ ಕಿತ್ತುಬರಬಹುದು.

ಸೆನ್ಸೇಷನ್ ತಂಡ ಇವೆಲ್ಲವನ್ನೂ ದಾಟಿತ್ತು. ಆದರೆ ದಣಿದು ಆಳದಲ್ಲಿ ತೂಗಾಡುವ ಮೀನಿಗೆ ಶಾರ್ಕ್‌ಗಳ ಕಾಟವಿರುತ್ತದೆ. ತೂಗುವಾಗ ಮೀನಿನ ಮೈಯಲ್ಲಿ ಶಾರ್ಕ್ ಕಚ್ಚಿದ ಗಾಯ ಕಂಡಿತು. ದೋಣಿಗೆ ಏರಿಸುವ ಮೊದಲೇ ಶಾರ್ಕ್ ಮಾಂಸ ಕಿತ್ತಿದ್ದರೆ ಆ ಮೀನು ಲೆಕ್ಕಕ್ಕಿಲ್ಲ. ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ರಕ್ತ ಹರಿದ ಮೀನು ಬಲಗುಂದುತ್ತದೆ, ಅದನ್ನು ಗೆದ್ದದ್ದು ಗಾಳದವರೋ ಶಾರ್ಕೋ ಹೇಳಲಾಗದು ಎಂಬುದೇ ಇದಕ್ಕೆ ಕಾರಣ. ನಿಯಮ ಕಠಿಣ ನಿಜ, ಆದರೆ ಅನ್ಯಾಯವೆಂದು ನಮಗೆ ತೋರುವುದಿಲ್ಲ. ಗಾಯದ ಅಳತೆ ನೋಡಿ ರಿಯಾಯಿತಿ ಕೊಡಹೊರಟರೆ ಪ್ರತಿ ಮೀನಿಗೂ ಒಂದು ವ್ಯಾಜ್ಯ ಹುಟ್ಟುತ್ತಿತ್ತು.

ಹಿಂದೆಯೂ ಹೀಗಾದದ್ದುಂಟು. 1930ರಲ್ಲಿ ಲೇಖಕ ಜೇನ್ ಗ್ರೇ ತಹೀತಿ ದ್ವೀಪದ ಬಳಿ ಹಿಡಿದ 1,040 ಪೌಂಡಿನ ಮಾರ್ಲಿನ್ ಅನ್ನೂ ಶಾರ್ಕ್‌ಗಳು ಕಚ್ಚಿದ್ದವು.

ಸ್ಪರ್ಧೆಯವರು ತಜ್ಞರನ್ನು ವಿಚಾರಿಸಿ, ಮರುದಿನ ಸೆನ್ಸೇಷನ್ ತಂಡದ ಮೀನನ್ನು ಅನರ್ಹಗೊಳಿಸಿದರು. ತಂಡದವರ ಆಕ್ಷೇಪವನ್ನೂ ಒಪ್ಪಲಿಲ್ಲ. ಮೊದಲ ಸ್ಥಾನ ‘ಸುಶಿ’ ಎಂಬ ದೋಣಿಗೆ ಹೋಯಿತು. ಅವರ ಮೀನಿನ ತೂಕ 484.5 ಪೌಂಡ್.